ಕಮಲಾಪುರದ ಕೆಮ್ಮಣ್ಣು

ಕಲಬುರಗಿಯ ಸೇಡಂ ರಸ್ತೆಯ ಆ ಆಸ್ಪತ್ರೆಯಲ್ಲಿ ಮನೋರೋಗದ ಗಂಡಸರ ವಾರ್ಡಿಗೆ ಸದಾ ಬೀಗ. ನಿದ್ದೆಗೆಟ್ಟು, ಅಂಗಡಿಯ ಗಾಜು ಒಡೆದು, ಮನೆಯವರ ಮೇಲೂ ಕೈಯೆತ್ತಿದ್ದ ನನ್ನನ್ನು ಅಣ್ಣ ಅಲ್ಲಿಗೆ ತಂದು ಸೇರಿಸಿದ್ದ. ನೆಹರು ಗಂಜ್ ಪೇಟೆಯ ಬೇಳೆ ವ್ಯಾಪಾರದವರು ನಾವು. ನಾನು ಸೊಲ್ಲಾಪುರಕ್ಕೆ ಹೋಗಿದ್ದೇನೆಂದು ನೆರೆಹೊರೆಗೆಲ್ಲ ಹೇಳಿಯಾಗಿತ್ತು. ರೋಗಕ್ಕಿಂತ ಆ ಸುಳ್ಳೇ ನನಗೆ ಹೆಚ್ಚು ನೋಯುತ್ತಿತ್ತು. ವಾಸಿಯಾಗಿ ಹೊರಗೆ ಹೋದರೂ, ಇಷ್ಟು ದಿನ ಎಲ್ಲಿದ್ದೆ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಅದನ್ನೇ ಯೋಚಿಸುತ್ತ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ.

ಬೆಳಿಗ್ಗೆ ಅಂಗಳದಲ್ಲಿ ವ್ಯಾಯಾಮ. ಡಾಕ್ಟರು ಎಷ್ಟು ಹೇಳಿದರೂ ಏಳದವರು ಇಬ್ಬರೇ: ನಾನು ಮತ್ತು ಪಕ್ಕದ ಮಂಚದ ಕಮಲಾಪುರದ ಕಾಕಾ. ಯಾರದೋ ದನಿ ಕಿವಿಯಲ್ಲಿ ಬೈಯುತ್ತದೆ ಎಂದು ಬಂದವನು ಅವನು. ಗರಡಿಮನೆಯಲ್ಲಿ ಬೆಳೆದ ಪೈಲ್ವಾನ. ಅವನ ತಕರಾರೇ ಬೇರೆ. ಹಣೆಗೆ ಗರಡಿಯ ಕೆಮ್ಮಣ್ಣು ಹಚ್ಚದೆ ಸಾಮು ಮಾಡುವುದುಂಟೇ? ಅಂಗಳವೆಲ್ಲ ಸಿಮೆಂಟು.

ಕೊನೆಗೆ ಅವನ ಹೆಂಡತಿ ಬಾಳೆಹಣ್ಣಿನ ಜೊತೆ ಊರ ಗರಡಿಯ ಮಣ್ಣನ್ನೂ ಗಂಟು ಕಟ್ಟಿ ತಂದಳು. ಗಂಟು ಬಿಚ್ಚಿದ ಕಾವಲುಗಾರ ಹೌಹಾರಿ ಹಿಂದೆ ಸರಿದ.

‘ಮಾಟದ ಮಣ್ಣೇನ್ರೀ ಯಕ್ಕಾ? ನಾ ಮಕ್ಳು ಮರಿ ಇದ್ದಾಂವ!’

ಡಾಕ್ಟರೇ ಬಂದು ಮುಟ್ಟಿ ತೋರಿಸಬೇಕಾಯಿತು. ನಾನು ನಕ್ಕುಬಿಟ್ಟೆ, ಎಷ್ಟೋ ದಿನಗಳ ಮೇಲೆ.

ನಕ್ಕಿದ್ದೇ ತಪ್ಪಾಯಿತು. ಮರುದಿನ ಕಾಕಾ ನನ್ನ ಹೊದಿಕೆ ಎಳೆದ. ‘ಏಳೋ ತಮ್ಮಾ. ಒಬ್ಬನೇ ಸಾಮು ಮಾಡಿದ್ರ ಮಜಾ ಇಲ್ಲ, ಜೋಡ ಬೇಕು.’ ಹಣೆಗೆ ಮಣ್ಣು ತೀಡಿ ಬಸ್ಕಿ ಹೊಡೆಸಿದ. ತೊಡೆ ಹಿಡಿದುಕೊಂಡು ನಾನು ಬೈದೆ, ಅವನೂ ಬಿಡದೆ ಬೈದ. ಗುಳಿಗೆ ನುಂಗುವುದೇನೂ ತಪ್ಪಲಿಲ್ಲ. ಆದರೆ ನಿದ್ದೆ ಬರತೊಡಗಿತು, ಬೆಳಗಾಗುವುದನ್ನು ಕಾಯುವಂತಾಯಿತು. ಬೀಗದೊಳಗಿನ ದಿನಗಳಿಗೆ ಯಾರಾದರೂ ಹಂಬಲಿಸುತ್ತಾರೆಯೇ? ನಾನು ಹಂಬಲಿಸುತ್ತೇನೆ. ಆ ಬೆವರು, ಆ ಬೈಗುಳ, ಸಾಮು ಮುಗಿಸಿ ಹಂಚಿ ತಿಂದ ಕಮಲಾಪುರದ ಕೆಂಪು ಬಾಳೆಹಣ್ಣು.

ಹೋದ ತಿಂಗಳು ಕಮಲಾಪುರಕ್ಕೆ ಹೋಗಿದ್ದೆ. ಕಾಕಾ ಗರಡಿಯಲ್ಲೇ ಸಿಕ್ಕ. ಸುತ್ತ ನಾಲ್ಕಾರು ಪೈಲ್ವಾನರು. ಒಬ್ಬ ಕೇಳಿಯೇಬಿಟ್ಟ: ‘ಇವ್ರ್ಯಾರ್ರೀ ಕಾಕಾ? ಎಲ್ಲಿ ಗುರ್ತಾತು?’

ಸೊಲ್ಲಾಪುರ ಎನ್ನಲು ನನ್ನ ನಾಲಿಗೆ ಹೊರಟಿತ್ತು.

ಕಾಕಾ ಬಗ್ಗಿ ಚಿಟಿಕೆ ಮಣ್ಣು ತೆಗೆದು ನನ್ನ ಹಣೆಗೆ ಹಚ್ಚಿದ. ‘ಕಲಬುರಗ್ಯಾಗ ನಮ್ದು ಇನ್ನೊಂದು ಗರಡಿ ಇತ್ತು. ಅಲ್ಲಿ ಇಂವ ನನ್ನ ಜೋಡ.’