ಕೋಡಿಯ ಕೋಲ್ಡ್ ರೂಮು ಮತ್ತು ನಲವತ್ತೈದು ಪಿಎಸ್‌ಐ ಗಾಳಿ

ಮೂರು ವರ್ಷದ ಹಿಂದಿನ ಜೂನ್ ತಿಂಗಳು, ಮೊದಲ ವಾರ. ನಾನಾಗ ತೆಕ್ಕಟ್ಟೆಯ ಹೆದ್ದಾರಿ ಬದಿಯ ಒಂದು ರೆಫ್ರಿಜರೇಷನ್ ಅಂಗಡಿಯಲ್ಲಿ ಮೆಕ್ಯಾನಿಕ್. ವಿಸಿಟಿಂಗ್ ಕಾರ್ಡಿನಲ್ಲಿ ‘ಸೀನಿಯರ್ ಟೆಕ್ನೀಷಿಯನ್’ ಎಂದಿತ್ತು. ಕಾರ್ಡು ಮಾಡಿಸಿದವನು ನಾನೇ ಆದ್ದರಿಂದ ಹುದ್ದೆ ಕೊಟ್ಟವನೂ ನಾನೇ. ಅಂಗಡಿಯಲ್ಲಿ ಇದ್ದದ್ದು ಒಟ್ಟು ಇಬ್ಬರು: ನಾನು ಮತ್ತು ಯಜಮಾನ ಸಂಜೀವಣ್ಣ. ನನಗಿಂತ ಜೂನಿಯರ್ ಎಂದು ಹೇಳಬಹುದಾದದ್ದು ಗೋಡೆಯ ಮೇಲಿನ ಹಲ್ಲಿ ಮಾತ್ರ.

ಸಂಜೀವಣ್ಣ ಇಪ್ಪತ್ತು ವರ್ಷ ಮುಂಬೈಯಲ್ಲಿ ಏಸಿ ರಿಪೇರಿ ಮಾಡಿ, ಎಲ್ಲರನ್ನೂ ಮರಾಠಿಯ ‘ಭಾವೂ’ ಎಂದು ಕರೆಯುವ ರೂಢಿಯೊಂದಿಗೆ ಊರಿಗೆ ಮರಳಿದವರು. ಅವರ ವಿದ್ಯೆಯೆಲ್ಲ ಎರಡು ಸೂತ್ರದಲ್ಲಿ ಮುಗಿಯುತ್ತಿತ್ತು. ತಂಪು ಕಡಿಮೆಯಾದರೆ ಗ್ಯಾಸ್ ಹಾಕು. ಒತ್ತಡ ಹೆಚ್ಚಾದರೆ ಕಂಡೆನ್ಸರ್ ತೊಳೆ. ನಮ್ಮ ಕರಾವಳಿಯಲ್ಲಿ ನೂರಕ್ಕೆ ತೊಂಬತ್ತು ಸಲ ಈ ಸೂತ್ರ ಗೆಲ್ಲುತ್ತದೆ, ಯಾಕೆಂದರೆ ಕಡಲ ಗಾಳಿ ಶಾಖ ಹೊರಬಿಡುವ ಕಂಡೆನ್ಸರಿನ ಮೇಲೆ ಉಪ್ಪಿನ ಪದರ ಕೂರಿಸದೆ ಬಿಡುವುದಿಲ್ಲ. ಉಳಿದ ಹತ್ತು ಸಲದಲ್ಲಿ ಒಂದರ ಕಥೆ ಇದು.

ಮಿಮಿಕ್ರಿ ನನ್ನ ಉಪಕಸುಬು. ಸಂಜೀವಣ್ಣನ ದನಿ ನಾನು ತೆಗೆದರೆ ಅವರ ಹೆಂಡತಿಯೇ ಮೋಸಹೋಗಿ, ಬರುವಾಗ ಎರಡು ತೆಂಗಿನಕಾಯಿ ತರಲು ಹೇಳಿದ್ದುಂಟು. ತಂದುಕೊಟ್ಟೆ, ಬೈಸಿಕೊಂಡೆ. ಮನುಷ್ಯರ ದನಿ ಮಾತ್ರವಲ್ಲ, ಕಂಪ್ರೆಸರಿನ ದನಿಯೂ ನನಗೆ ಬರುತ್ತದೆ. ಗಿರಾಕಿ ಫೋನ್ ಮಾಡಿದರೆ ನಾನು ನಾಲ್ಕು ಬಗೆಯಲ್ಲಿ ಗುರುಗುಟ್ಟಿ, ಇದರಲ್ಲಿ ಯಾವುದು ಎಂದು ಕೇಳುವುದು ನನ್ನ ಪದ್ಧತಿ. ಅರ್ಧ ರೋಗ ಅಲ್ಲೇ ತಿಳಿಯುತ್ತದೆ; ಬಸ್ಸಿನಲ್ಲಿ ಪಕ್ಕ ಕೂತವರು ಎದ್ದು ಹೋಗುತ್ತಾರೆ ಎಂಬುದೊಂದೇ ತೊಂದರೆ.

ಆ ದಿನ ಬೆಳಿಗ್ಗೆ ಹತ್ತಕ್ಕೆ ಫೋನ್ ಮಾಡಿದವರು ಕೋಡಿ ಊರಿನ ಗುಲಾಬಕ್ಕ. ನನಗೆ ಗುರುಗುಟ್ಟಲು ಅವಕಾಶವನ್ನೇ ಕೊಡದೆ ಅವರೇ ಶುರು ಮಾಡಿದರು.

“ಹ್ವಾಯ್ ಸುಕೇಶ, ಕೇಣ್. ಗುಂಯ್ಯ್ ಅಂತ್, ಗುಂಯ್ಯ್ ಅಂತ್, ಟಕ್! ಮತ್ತೆ ಸುಮ್ಮನೆ. ಹತ್ ನಿಮಿಷ ಬಿಟ್ ಪುನಃ ಗುಂಯ್ಯ್. ಬೆಳಗಾತ ಹಿಡ್ದ್ ಇದೇ ಕಥೆ.”

ನನಗಿಂತ ಚೆನ್ನಾಗಿ ಮಾಡಿದ್ದರು. ಆ ‘ಟಕ್’ ಕೇಳಿದ್ದೇ ಟೂಲ್ ಬಾಕ್ಸ್ ಎತ್ತಿಕೊಂಡೆ. ಒತ್ತಡ ಮಿತಿ ಮೀರಿದಾಗ ಕಂಪ್ರೆಸರನ್ನು ನಿಲ್ಲಿಸುವ ಸುರಕ್ಷಾ ಸ್ವಿಚ್ಚಿನ ಸದ್ದು ಅದು. ಒತ್ತಡ ಹೆಚ್ಚಾಯಿತೆಂದು ಹಿಂದಿನ ದಿನವಷ್ಟೇ ನಾನು ಅಲ್ಲಿಗೆ ಹೋಗಿ ಕಂಡೆನ್ಸರ್ ತೊಳೆದು, ಚಾ ಕುಡಿದು, “ಇನ್ನು ಆರು ತಿಂಗಳು ನನ್ನ ಮುಖ ಕಾಂಬುದ್ ಬೇಡ ಅಕ್ಕ” ಎಂದು ಹೇಳಿ ಬಂದಿದ್ದೆ.

ಗುಲಾಬಕ್ಕ ಬಹಳ ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಹಿಂದಿನ ವರ್ಷ ಮನೆಯ ಪಕ್ಕ ಒಂದು ಸಣ್ಣ ಕೋಲ್ಡ್ ರೂಮು ಕಟ್ಟಿಸಿದ್ದರು. ಐಸ್ ಹಾಕಿಡುವ ಪೆಟ್ಟಿಗೆಯಲ್ಲ, ಮೈನಸ್ ಹದಿನೆಂಟು ಡಿಗ್ರಿಯ ಫ್ರೀಜರ್ ಕೋಣೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆ ಎರಡು ತಿಂಗಳು ಕುಂದಾಪುರ, ಬ್ರಹ್ಮಾವರದ ಹೋಟೆಲುಗಳಿಗೆ ತಾನು ಮೀನು ಕೊಡುವೆ ಎಂದು ಮಾತು ಕೊಟ್ಟು, ಮೇ ತಿಂಗಳಿಡೀ ಅಂಜಲ್, ಸಿಗಡಿ, ಬೊಂಡಾಸ್ ಕೊಂಡು ಒಳಗೆ ತುಂಬಿದ್ದರು. ಒಂದೂವರೆ ಟನ್. “ಬುಟ್ಟಿ ಹೊರುವವಳಿಗೆ ಫ್ರೀಜರ್ ಎಂತಕೆ?” ಎಂದು ನಕ್ಕವರು ಊರಲ್ಲಿ ಬಹಳ ಜನ ಇದ್ದರು. ಈಗ ದೋಣಿಗಳೆಲ್ಲ ದಡ ಸೇರಿದ್ದವು. ಒಳಗಿನ ಮೀನು ಒಮ್ಮೆ ಕರಗಿದರೆ ಮತ್ತೆ ತರಲು ಕಡಲೇ ಇರಲಿಲ್ಲ. ಐಸ್ ಸುರಿದರೂ ಪ್ರಯೋಜನವಿಲ್ಲ. ಐಸು ಹೆಚ್ಚೆಂದರೆ ಸೊನ್ನೆ ಡಿಗ್ರಿಯಲ್ಲಿ ಹಿಡಿದೀತು, ಗಟ್ಟಿ ಮೀನನ್ನು ಗಟ್ಟಿಯಾಗಿಯೇ ಇಡಲಾರದು.

ನಾನು ತಲುಪಿದಾಗ ಕೋಣೆಯ ಥರ್ಮಾಮೀಟರ್ ಮೈನಸ್ ಹದಿಮೂರು ತೋರಿಸುತ್ತಿತ್ತು. ಗುಲಾಬಕ್ಕ ಪ್ಲಾಸ್ಟಿಕ್ ಕುರ್ಚಿಯನ್ನು ಬಾಗಿಲಿಗೆ ಒತ್ತಿ ಹಾಕಿ ಅದರ ಮೇಲೆ ಕೂತಿದ್ದರು.

“ಬಾಗಿಲ್ ತೆಗ್ದ್ ಕಾಂಬುಕೆ ಬಂದವರನ್ನೆಲ್ಲ ಓಡಿಸ್ದೆ. ನೀ ಸಹ ತೆಗುಕಾಗ.”

ಆ ದಿನ ನಮ್ಮಿಬ್ಬರಲ್ಲಿ ಮೊದಲು ಸರಿಯಾದ ಕೆಲಸ ಮಾಡಿದವರು ಅವರು.

ಒತ್ತಡ ಅಳೆಯುವ ಗೇಜು ಕಟ್ಟಿದೆ. ಓದುಗರಿಗೆ ಇಲ್ಲಿ ನಾಲ್ಕು ಮಾತು ಹೇಳಬೇಕು. ಫ್ರಿಜ್ಜಿನ ಗ್ಯಾಸು ಕೋಣೆಯೊಳಗಿನ ಕೊಳವೆಯಲ್ಲಿ ಕಡಿಮೆ ಒತ್ತಡದಲ್ಲಿ ಕುದಿದು ಅಲ್ಲಿನ ಶಾಖವನ್ನು ಹೀರುತ್ತದೆ. ಕಂಪ್ರೆಸರ್ ಅದನ್ನು ಒತ್ತಿ ಹೊರಗಿನ ಕಂಡೆನ್ಸರಿಗೆ ತಳ್ಳುತ್ತದೆ. ಅಲ್ಲಿ ಅದು ಶಾಖ ಬಿಟ್ಟು ಮತ್ತೆ ದ್ರವವಾಗುತ್ತದೆ. ನೀಲಿ ಗೇಜು ಒಳಗಿನ ಒತ್ತಡ ತೋರಿಸುತ್ತದೆ, ಕೆಂಪು ಗೇಜು ಹೊರಗಿನದ್ದು. ಗುಲಾಬಕ್ಕನ ಯಂತ್ರದಲ್ಲಿದ್ದ ಆರ್-404ಎ ಗ್ಯಾಸಿಗೆ ಆ ದಿನದ ಹವೆಯಲ್ಲಿ ಕೆಂಪು ಮುಳ್ಳು ಇನ್ನೂರೈವತ್ತು ಪಿಎಸ್‌ಐ ಆಸುಪಾಸಿನಲ್ಲಿರಬೇಕಿತ್ತು. ಅದು ಮುನ್ನೂರೈವತ್ತು ದಾಟಿ, ನಡುಗುತ್ತ ನಡುಗುತ್ತ ನಾನೂರಕ್ಕೆ ಹೋಯಿತು. ಟಕ್.

ಕಂಡೆನ್ಸರ್ ಫಳಫಳ ಹೊಳೆಯುತ್ತಿತ್ತು. ನಾನೇ ತೊಳೆದದ್ದಲ್ಲವೇ! ಬೈಂದೂರಿನ ಹೋಟೆಲೊಂದರ ಕೆಲಸದಲ್ಲಿದ್ದ ಸಂಜೀವಣ್ಣನಿಗೆ ಫೋನ್ ಮಾಡಿದೆ.

“ಅರೇ ಭಾವೂ, ಗ್ಯಾಸ್ ಜಾಸ್ತಿ ಆಯ್ತ್, ಮತ್ತೆಂತ? ಸ್ವಲ್ಪ ಬಿಡ್. ಹತ್ ನಿಮಿಷದ್ ಕೆಲ್ಸ.”

ಗ್ಯಾಸು ಸ್ವಲ್ಪ ಹೊರಗೆ ಬಿಟ್ಟರೆ ಮುಳ್ಳು ಇಳಿಯುತ್ತಿತ್ತು, ಯಂತ್ರ ಒಂದಷ್ಟು ಹೊತ್ತು ಓಡುತ್ತಿತ್ತು, ನಾನು ಇನ್ನೊಂದು ಚಾ ಕುಡಿಯಬಹುದಿತ್ತು. ವಾಲ್ವಿಗೆ ಕೈಯನ್ನೂ ಹಾಕಿದ್ದೆ. ಆಗ ಕಣ್ಣು ತಾಮ್ರದ ಕೊಳವೆಯ ಒಂದು ತಿರುವಿನ ಮೇಲೆ ಬಿತ್ತು. ಅಲ್ಲೊಂದು ಹೊಸ ಬೆಸುಗೆ, ಅಂಕುಡೊಂಕು. ಅಷ್ಟು ಕೆಟ್ಟ ಬೆಸುಗೆ ತಾಲೂಕಿನಲ್ಲಿ ಒಬ್ಬನೇ ಹಾಕುತ್ತಾನೆ.

ಎರಡು ವಾರದ ಹಿಂದೆ ಆ ತಿರುವಿನಲ್ಲಿ ಉಪ್ಪು ತಿಂದು ತೂತಾಗಿ ಗ್ಯಾಸೆಲ್ಲ ಸೋರಿತ್ತು. ಬೆಸುಗೆ ಹಾಕಿ ಹೊಸ ಗ್ಯಾಸು ತುಂಬಿದವನು ನಾನು. ತುಂಬುವ ಮೊದಲು ವ್ಯಾಕ್ಯೂಮ್ ಪಂಪ್ ಇಟ್ಟು, ಕೊಳವೆಯೊಳಗೆ ಸೇರಿದ ಗಾಳಿಯನ್ನೆಲ್ಲ ಎಳೆದು ತೆಗೆಯಬೇಕು. ಆ ದಿನವೂ ಪಂಪು ಸಂಜೀವಣ್ಣನ ಜೊತೆ ಬೈಂದೂರಿನಲ್ಲಿತ್ತು. ನಮ್ಮ ಕಡೆ ಇದಕ್ಕೊಂದು ಒಳದಾರಿ ಉಂಟು: ಒಂದು ಕಡೆಯಿಂದ ಸ್ವಲ್ಪ ಗ್ಯಾಸು ನುಗ್ಗಿಸಿ ಇನ್ನೊಂದು ಕಡೆಯಿಂದ ಗಾಳಿಯನ್ನು ‘ಓಡಿಸುವುದು’. ಆವತ್ತು ಸಂಜೀವಣ್ಣನದೇ ದನಿಯಲ್ಲಿ “ಗಾಳಿಗೆ ಮರ್ಯಾದಿ ಇದ್ರೆ ಅದೇ ಹೋತ್ತ್ ಭಾವೂ” ಎಂದು ಗುಲಾಬಕ್ಕನನ್ನು ನಗಿಸುತ್ತ ಓಡಿಸಿದ್ದೆ. ಗಾಳಿಗೆ ಮರ್ಯಾದೆ ಇರಲಿಲ್ಲವೋ ಏನೋ!

ಅನುಮಾನ ಬಂದರೆ ಸಾಲದು, ಸಾಬೀತಾಗಬೇಕು. ಟೂಲ್ ಬಾಕ್ಸಿನ ಮುಚ್ಚಳದಲ್ಲಿ ಐಟಿಐ ಕಾಲದ ಒಂದು ಪಿಟಿ ಚಾರ್ಟ್ ಅಂಟಿತ್ತು. ಯಾವ ಗ್ಯಾಸು ಎಷ್ಟು ಡಿಗ್ರಿಯಲ್ಲಿ ಎಷ್ಟು ಒತ್ತಡದಲ್ಲಿರುತ್ತದೆ ಎಂಬ ಪಟ್ಟಿ ಅದು. ಅಲ್ಲಿಯವರೆಗೆ ಅದರ ಉಪಯೋಗ ಚಾ ಲೋಟ ಇಡುವುದಕ್ಕೆ. ಮೈನಸ್ ಐದರಿಂದ ಹತ್ತು ಡಿಗ್ರಿಯವರೆಗಿನ ಅಂಕಿಗಳು ಲೋಟದ ಕಲೆಯಡಿ ಮಾಯವಾಗಿದ್ದವು. ಪುಣ್ಯಕ್ಕೆ ಮೂವತ್ತು ಡಿಗ್ರಿಯ ಸಾಲು ಉಳಿದಿತ್ತು.

“ಅಕ್ಕ, ಮಷೀನ್ ಪೂರ್ತಿ ಬಂದ್ ಮಾಡ್ಕ್.”

“ಎಂತ? ಓಡುವಷ್ಟಾದ್ರೂ ಓಡ್ತಿತ್ತಲ್ದಾ, ಅದನ್ನೂ ನಿಲ್ಲಿಸ್ತ್ಯಾ? ಒಳ್ಗೆ ನನ್ನ ಎರಡ್ ತಿಂಗಳ್ ಇತ್ತ್ ಮಾರಾಯ!”

“ಅರ್ಧ ಗಂಟೆ. ಅಷ್ಟರೊಳ್ಗೆ ನಿಮ್ಮ ಮೀನ್ ಕರಗಿದ್ರೆ ನನ್ನನ್ನೇ ಕೊಯ್ದ್ ಮಾರಿ.”

“ನಿನ್ನಲ್ಲಿ ಎಂತ ಇತ್ತ್ ಕೊಯ್ಯುಕೆ? ಬರೀ ಮುಳ್ಳ್.”

ಆದರೂ ಎದ್ದು ಬಂದರು. ಮೊದಲು ದ್ರವ ಹೊರಡುವ ವಾಲ್ವನ್ನು ಮುಚ್ಚಿ, ಕಂಪ್ರೆಸರಿನಿಂದಲೇ ಗ್ಯಾಸನ್ನೆಲ್ಲ ಹೊರಗಿನ ಭಾಗಕ್ಕೆ ಎಳೆಸಿ ಕೂಡಿಹಾಕಬೇಕಿತ್ತು. ಇಲ್ಲದಿದ್ದರೆ ಕೋಣೆಯೊಳಗಿನ ಚಳಿ ಲೆಕ್ಕವನ್ನು ಕೆಡಿಸುತ್ತದೆ. ಆ ಹೊತ್ತಿನಲ್ಲಿ ಟಕ್ ಎನ್ನದಂತೆ ಗುಲಾಬಕ್ಕ ಕಂಡೆನ್ಸರಿನ ಮೇಲೆ ಕೊಡಪಾನದಿಂದ ನೀರು ಸುರಿದರು. ಆಮೇಲೆ ಕಂಪ್ರೆಸರ್ ಬಂದ್. ಫ್ಯಾನ್ ಮಾತ್ರ ತಿರುಗಲು ಬಿಟ್ಟು, ನೀರು ಒಣಗಿ ಕಂಡೆನ್ಸರು ಹೊರಗಿನ ಹವೆಯಷ್ಟೇ ಬೆಚ್ಚಗಾಗಲೆಂದು ಕಾದೆವು.

ಆ ಅರ್ಧ ಗಂಟೆಯಷ್ಟು ಉದ್ದದ ಅರ್ಧ ಗಂಟೆಯನ್ನು ನಾನು ಪರೀಕ್ಷಾ ಕೊಠಡಿಯಲ್ಲೂ ಕಂಡಿಲ್ಲ. ಗುಲಾಬಕ್ಕ ಥರ್ಮಾಮೀಟರ್ ನೋಡುತ್ತಿದ್ದರು, ನಾನು ಗುಲಾಬಕ್ಕನನ್ನು ನೋಡುತ್ತಿದ್ದೆ. ಮೈನಸ್ ಹನ್ನೆರಡು. ಕೊನೆಗೆ ಗಾಳಿಯಲ್ಲಿ ಹಿಡಿದ ಥರ್ಮಾಮೀಟರೂ ಮೂವತ್ತು, ಕೊಳವೆಗೆ ಕಟ್ಟಿದ್ದೂ ಮೂವತ್ತು. ಮೂವತ್ತು ಡಿಗ್ರಿಗೆ ಚಾರ್ಟಿನಲ್ಲಿದ್ದದ್ದು 190. ಕೆಂಪು ಮುಳ್ಳು ನಿಂತಿದ್ದದ್ದು 235ರಲ್ಲಿ.

“ಅಂದ್ರೆ ಗ್ಯಾಸ್ ಜಾಸ್ತಿಯಾ?” ಗುಲಾಬಕ್ಕ ಕೇಳಿದರು.

“ಅಲ್ಲ ಅಕ್ಕ. ನಿಮ್ಮ ಕುಕ್ಕರಲ್ಲಿ ಒಂದ್ ಲೋಟ ನೀರ್ ಇದ್ರೂ, ನಾಕ್ ಲೋಟ ಇದ್ರೂ ಸೀಟಿ ಹೊಡುಕೆ ಬೇಕಾದ ಬಿಸಿ ಒಂದೇ ಅಲ್ದಾ? ಇದೂ ಹಾಂಗೆ. ಒಳ್ಗೆ ಸ್ವಲ್ಪ ದ್ರವ ಇದ್ರೆ ಸಾಕ್, ಆರ್ ಕಿಲೋ ಇರ್ಲಿ, ಎಂಟ್ ಕಿಲೋ ಇರ್ಲಿ, ಮೂವತ್ ಡಿಗ್ರಿಗೆ ನೂರ ತೊಂಬತ್ತೇ.”

ಅವರು ತಕ್ಕಡಿ ಹಿಡಿದು ಬಾಳಿದವರು. ಮರುಕ್ಷಣ ಕೇಳಿದರು: “ಹಂಗಾರೆ ಮೇಲಿನ ನಲ್ವತ್ತೈದ್ ಯಾರದ್ದ್?”

“ಗಾಳಿದ್ದ್.”

“ಗಾಳಿ ಒಳ್ಗ್ ಹ್ಯಾಂಗ್ ಹೋಯ್ತ್?”

ಆ ಹೊತ್ತಿಗೆ ನನಗೆ ಬೇರೆ ಯಾರ ದನಿಯೂ ಬರಲಿಲ್ಲ. ನನ್ನದೇ ದನಿಯಲ್ಲಿ, ಅದೂ ಸಣ್ಣದಾಗಿ, ಹೇಳಿದೆ: “ನಾನೇ ಬಿಟ್ಟದ್ದ್ ಅಕ್ಕ. ಎರಡ್ ವಾರದ್ ಹಿಂದೆ. ವ್ಯಾಕ್ಯೂಮ್ ಮಾಡ್ಲಿಲ್ಲ.”

ಗುಲಾಬಕ್ಕ ನನ್ನನ್ನು ತಲೆಯಿಂದ ಬಾಲದವರೆಗೆ, ತಾಜಾ ಹೌದೋ ಅಲ್ಲವೋ ಎಂದು ಮೀನನ್ನು ನೋಡುವಂತೆ ನೋಡಿದರು.

“ಹಂಗಾರೆ ನಿನ್ನೆ ತೊಳದ್ದ್ ಎಂತ?”

“ಅದ್ ಬರೀ ಸ್ನಾನ ಅಕ್ಕ. ಕಾಯಿಲೆ ಹೊಟ್ಟೆಯೊಳ್ಗೆ ಇತ್ತ್.”

“ಮದ್ದ್ ಇತ್ತಾ?”

“ಇತ್ತ್. ಸಂಜೆಯೊಳ್ಗೆ ಮಾಡ್ತೆ.”

“ಮಾಡ್. ಬೈಯುದ್ ಆಮೇಲೆ.” ಮತ್ತೆ ಬಾಗಿಲಿಗೊರಗಿ ಕುರ್ಚಿಯಲ್ಲಿ ಕೂತರು.

ಸಂಜೀವಣ್ಣನಿಗೆ ಎರಡನೇ ಸಲ ಫೋನ್ ಮಾಡಿ ಅಂಕಿಗಳನ್ನು ಹೇಳಿದೆ. ಬೈಗುಳ ಬಂದೀತೆಂದುಕೊಂಡೆ. “ಬತ್ತೆ” ಎಂದಷ್ಟೇ ಹೇಳಿ ಇಟ್ಟರು. ಒಂದು ಗಂಟೆಯಲ್ಲಿ ವ್ಯಾಕ್ಯೂಮ್ ಪಂಪು, ಗ್ಯಾಸನ್ನು ವಾಪಸು ಎಳೆದುಕೊಳ್ಳುವ ರಿಕವರಿ ಮಷೀನು, ಸಿಲಿಂಡರು ಎಲ್ಲವನ್ನೂ ಓಮ್ನಿಯಲ್ಲಿ ಹೇರಿಕೊಂಡು ಬಂದಿಳಿದರು. ಗೇಜು ನೋಡಿದರು. ಚಾರ್ಟು ನೋಡಿದರು. ಕಂಡೆನ್ಸರಿಗೆ ಅಂಗೈ ಒತ್ತಿ ನೋಡಿದರು. ಮತ್ತೊಮ್ಮೆ ಗೇಜು ನೋಡಿ, ಅಂಗಿಯ ತೋಳು ಮಡಚಿದರು. ಸಂಜೀವಣ್ಣ ತಮ್ಮ ಸೂತ್ರ ಹೇಳದೆ ಕೆಲಸ ಶುರು ಮಾಡಿದ್ದು ನನ್ನ ಸರ್ವಿಸಿನಲ್ಲಿ ಅದೇ ಮೊದಲು.

ಗಾಳಿ ಬೆರೆತ ಗ್ಯಾಸನ್ನೆಲ್ಲ ಖಾಲಿ ಸಿಲಿಂಡರಿಗೆ ಎಳೆದೆವು. ಗಾಳಿಯ ಜೊತೆ ತೇವವೂ ನುಗ್ಗಿರುತ್ತದೆ, ಅದಕ್ಕಾಗಿ ತೇವ ಹೀರುವ ಡ್ರೈಯರನ್ನು ಬದಲಿಸಿದೆವು. ಪಂಪು ಎರಡು ಗಂಟೆ ಓಡಿತು. ಆಮೇಲೆ ಅದನ್ನು ನಿಲ್ಲಿಸಿ, ಎಲ್ಲಿಂದಲಾದರೂ ಗಾಳಿ ಮತ್ತೆ ನುಗ್ಗೀತೇ ಎಂದು ಇನ್ನೊಂದಷ್ಟು ಹೊತ್ತು ಕಾದೆವು. ಮುಳ್ಳು ಕದಲಲಿಲ್ಲ. ಕೋಣೆ ಮೈನಸ್ ಒಂಬತ್ತಕ್ಕೆ ಬಂದಿತ್ತು.

ಹೊಸ ಗ್ಯಾಸು ತೂಗಿ ಹಾಕಬೇಕು. ಯಂತ್ರದ ಫಲಕದಲ್ಲಿ ಆರು ಕಿಲೋ ಎಂದಿತ್ತು. ನಮ್ಮ ತೂಕದ ಯಂತ್ರವನ್ನು ಒತ್ತಿದರೆ ಅದರ ಬ್ಯಾಟರಿ ಸತ್ತಿತ್ತು. ನಾನು ಸಂಜೀವಣ್ಣನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಗುಲಾಬಕ್ಕ ಒಳಗೆ ಹೋಗಿ ಮೀನು ತೂಗುವ ಡಿಜಿಟಲ್ ತಕ್ಕಡಿಯನ್ನು ತಂದಿಟ್ಟರು.

“ಹತ್ ಗ್ರಾಮ್ ಆಚೀಚೆ ಆತ್ತಿಲ್ಲೆ. ನಾ ಓದ್ತೆ, ನೀವ್ ಬಿಡಿ.”

ಸಿಲಿಂಡರನ್ನು ತಲೆಕೆಳಗಾಗಿ ತಕ್ಕಡಿಯ ಮೇಲಿಟ್ಟೆವು. ಹಾಸ್ಯವಲ್ಲ, ಈ ಗ್ಯಾಸನ್ನು ದ್ರವವಾಗಿಯೇ ಹಾಕಬೇಕು. ಅಂಜಲ್ ವಾಸನೆಯ ತಕ್ಕಡಿಯ ಮುಂದೆ ಗುಲಾಬಕ್ಕ ಕುಕ್ಕುರುಗಾಲಲ್ಲಿ ಕೂತು, ಸಿಲಿಂಡರಿನಿಂದ ಇಳಿದ ತೂಕವನ್ನು ಎಣಿಸಿದರು. “ಐದೂವರೆ... ಐದ್ ಮುಕ್ಕಾಲ್... ಒಂಬೈನೂರ ಐವತ್ತ್... ನಿಲ್ಸ್!” ಸಂಜೀವಣ್ಣ ನಿಲ್ಲಿಸಿದರು. ಸರಿಯಾಗಿ ಆರು.

ಸ್ವಿಚ್ ಹಾಕಿದೆ. ಗುಂಯ್ಯ್. ಕೆಂಪು ಮುಳ್ಳು ಏರಿತು: ಇನ್ನೂರು, ಇನ್ನೂರ ನಲವತ್ತು, ಇನ್ನೂರೈವತ್ತು. ಅಲ್ಲೇ ನಿಂತಿತು, ನಡುಕವೂ ಇಲ್ಲ. ಚಾರ್ಟಿನ ಪ್ರಕಾರ ಅದು ನಲವತ್ತು ಡಿಗ್ರಿ, ಅಂದರೆ ಹೊರಗಿನ ಹವೆಗಿಂತ ಹತ್ತು ಹೆಚ್ಚು, ಇರಬೇಕಾದದ್ದೇ ಅಷ್ಟು. ನಾವು ಮೂವರೂ ‘ಟಕ್’ಗಾಗಿ ಕಿವಿಗೊಟ್ಟು ನಿಂತೆವು. ಐದು ನಿಮಿಷ. ಹತ್ತು. ಇಪ್ಪತ್ತು. ಟಕ್ ಬರಲಿಲ್ಲ. ಮೈನಸ್ ಒಂಬತ್ತು ಮೈನಸ್ ಹತ್ತಾಯಿತು. ಗುಲಾಬಕ್ಕ ಮೊದಲ ಸಲ ಕುರ್ಚಿಯನ್ನು ಬಾಗಿಲಿನಿಂದ ಈಚೆ ಎಳೆದರು, ಒಂದು ಅಂಜಲ್ ಹೊರತೆಗೆದು ಕಟ್ಟೆಗೆ ಕುಟ್ಟಿದರು. ಠಣ್! ಕಲ್ಲಿನಂತಿತ್ತು. ಇಷ್ಟು ವರ್ಷ ನಾನು ಎಷ್ಟೋ ದನಿ ಅನುಕರಿಸಿದ್ದೇನೆ. ಆ ‘ಠಣ್’ ಮಾತ್ರ ಇನ್ನೂ ಸರಿಯಾಗಿ ಬಂದಿಲ್ಲ.

“ಈಗ ಬೈತೆ,” ಎಂದು ಗುಲಾಬಕ್ಕ ಹೇಳಿದಂತೆಯೇ ಬೈದರು. ಚಾ ಕೊಟ್ಟು ಬೈದರು. ಸಂಜೀವಣ್ಣನಿಗೂ ಪಾಲು ಸಿಕ್ಕಿತು, ಒಳದಾರಿ ಕಲಿಸಿದ್ದು ಅವರೇ ತಾನೆ! ಓಮ್ನಿ ಹತ್ತುವಾಗ ಅವರು ನನ್ನ ಟೂಲ್ ಬಾಕ್ಸಿನತ್ತ ಕೈ ಚಾಚಿ, “ಆ ಪಂಚಾಂಗ ಕೊಡ್ ಕಾಂಬ” ಎಂದರು. ಚಾರ್ಟನ್ನು ಮುಚ್ಚಳದಿಂದ ಬಿಡಿಸಿಕೊಂಡು, ಜೆರಾಕ್ಸ್ ಮಾಡಿಸಿ ಅಂಗಡಿಯ ಗೋಡೆಗೆ ಅಂಟಿಸಿದರು, ಚಾ ಕಲೆಯ ಸಮೇತ. ಪಂಪು ಇಲ್ಲದೆ ಕೆಲಸಕ್ಕೆ ಹೊರಡುವುದು ಅಂದಿಗೆ ನಿಂತಿತು.

ಮರುದಿನ ಬೆಳಿಗ್ಗೆ ಕೋಣೆ ಮೈನಸ್ ಹದಿನೆಂಟು. ಆ ಮಳೆಗಾಲ ಗುಲಾಬಕ್ಕ ಕೊಟ್ಟ ಮಾತಿನಂತೆ ಎಲ್ಲ ಹೋಟೆಲಿಗೂ ಮೀನು ಕಳಿಸಿದರು. ನಕ್ಕವರಲ್ಲಿ ಇಬ್ಬರು ಜುಲೈಯಲ್ಲಿ ಚೀಲ ಹಿಡಿದು ಅವರ ಬಾಗಿಲಲ್ಲೇ ನಿಂತರು. ಈ ವರ್ಷ ಪಕ್ಕದಲ್ಲಿ ಎರಡನೆಯ ಕೋಣೆ ಎದ್ದಿದೆ. ಅದರ ಗ್ಯಾಸು ತುಂಬುವ ದಿನ ಗುಲಾಬಕ್ಕ ಕುರ್ಚಿ ಹಾಕಿ ಕೂತು, ವ್ಯಾಕ್ಯೂಮಿನ ಮುಳ್ಳು ನಿಂತದ್ದನ್ನು ಕಣ್ಣಾರೆ ಕಂಡ ಮೇಲೆಯೇ ಸಿಲಿಂಡರ್ ಮುಟ್ಟಲು ಬಿಟ್ಟರು.

ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು. ಕೊಳವೆಯೊಳಗಿನ ಗಾಳಿಯೂ ನನ್ನ ಜಾತಿಯದ್ದೇ, ಮಿಮಿಕ್ರಿಯದ್ದು. ಕೊಳೆಯಾದ ಕಂಡೆನ್ಸರಿನ ದನಿ ತೆಗೆಯುತ್ತದೆ, ಹೆಚ್ಚಾದ ಗ್ಯಾಸಿನ ದನಿ ತೆಗೆಯುತ್ತದೆ. ಗದ್ದಲದ ನಡುವೆ ಎಂಥವರನ್ನೂ ನಂಬಿಸುತ್ತದೆ. ಎಲ್ಲವನ್ನೂ ನಿಲ್ಲಿಸಿ, ಅರ್ಧ ಗಂಟೆ ಸುಮ್ಮನೆ ಕಾದು, ಚಾರ್ಟಿನ ಪಕ್ಕ ನಿಲ್ಲಿಸಿದರೆ ಮಾತ್ರ ಸಿಕ್ಕಿಬೀಳುತ್ತದೆ. ಆದ್ದರಿಂದ ಯಂತ್ರ ಕೆಟ್ಟಲ್ಲಿ ಈಗ ನಾನು ಮೊದಲು ಕೇಳಿಕೊಳ್ಳುವುದು ಗ್ಯಾಸಿನ ಸುದ್ದಿಯಲ್ಲ, ಇದನ್ನು ಕೊನೆಗೆ ಮುಟ್ಟಿದವರು ಯಾರು ಎಂಬುದನ್ನು. ಉತ್ತರ ನಾನೇ ಎಂದಾದರೆ ಗಿರಾಕಿಗೆ ಕೂಡಲೇ ಹೇಳುತ್ತೇನೆ. ಹೇಳದಿದ್ದರೂ ಪ್ರಯೋಜನವಿಲ್ಲ. ಕೋಡಿಯಲ್ಲಿ ಗುಲಾಬಕ್ಕ “ನಾನೇ ಬಿಟ್ಟದ್ದ್ ಅಕ್ಕ” ಎಂದು ನನ್ನ ಸಣ್ಣ ದನಿ ತೆಗೆದು ಎಲ್ಲರಿಗೂ ಕೇಳಿಸುತ್ತಾರೆ, ನನಗಿಂತ ಚೆನ್ನಾಗಿ.