ಹೋಳಿಗೆ ಬೇಡವೆನ್ನುವ ಆ ಮಾವ ನನ್ನವರಲ್ಲ

ಶೈಲಾಳ ಇಂಗ್ಲಿಷ್ ಪದಗಳ ನೋಟ್‌ಬುಕ್ ಬಸ್ಸಿನಲ್ಲಿ ಕಳೆದುಹೋಗಲಿಲ್ಲ. ನಾನೇ ಬಚ್ಚಿಟ್ಟೆ. ಇಪ್ಪತ್ತು ವರ್ಷ ನನ್ನ ಬೀರುವಿನಲ್ಲಿತ್ತು — ಸೀರೆಗಳ ಕೆಳಗೆ.

ನನ್ನ ವಿಡಿಯೋ ನೋಡುವವರೆಲ್ಲ ಕೇಳಿ. ದಿನಕ್ಕೊಂದು ಕಠಿಣ ಪದ ಅಂತ ಕಲಿಸುತ್ತೇನಲ್ಲ — ಆ ಪದಗಳು, ನಿಮ್ಮನ್ನು ನಗಿಸುವ ಆ ಉದಾಹರಣೆಗಳು, ಒಂದೂ ನನ್ನದಲ್ಲ.

ಶೈಲಾ ನನ್ನ ಕಾಲೇಜು ಗೆಳತಿ. ಅವಳ ಅವ್ವನಿಗೆ ಕೊಟ್ಟೂರಿನಲ್ಲಿ ಮಿರ್ಚಿ ಬಜ್ಜಿ ಅಂಗಡಿ. ಕಟ್ಟಿಕೊಡಲು ತಂದ ಹಳೆಯ ಇಂಗ್ಲಿಷ್ ಪೇಪರನ್ನು ಇವಳು ಮೊದಲು ಓದಿ, ಗೊತ್ತಿಲ್ಲದ ಪದ ಬರೆದುಕೊಂಡೇ ಅಂಗಡಿಗೆ ಬಿಡುತ್ತಿದ್ದಳು. ಅರ್ಥದ ಪಕ್ಕ ನಮ್ಮ ಕಡೆಯದೇ ಉದಾಹರಣೆ. ‘ಡಿಸೆಂಬಲ್’, ಮನಸ್ಸಿನದನ್ನು ಮುಚ್ಚಿಡುವುದು — “ಎರಡನೇ ಹೋಳಿಗೆ ಬೇಡ ಬೇಡ ಅನ್ನುತ್ತಲೇ ಎಲೆ ಮುಂದೆ ಸರಿಸುವ ನಮ್ಮ ಸೋದರಮಾವ” ಅಂತ ಬರೆದಿದ್ದಳು.

ಇಬ್ಬರೂ ಇಂಗ್ಲಿಷ್ ಟೀಚರ್ ಕೆಲಸದ ಪರೀಕ್ಷೆಗೆ ಕಟ್ಟಿದ್ದೆವು. ಆ ನೋಟ್‌ಬುಕ್ಕನ್ನು ಒಂದು ದಿನಕ್ಕೆ ಅಂತ ಇಸಿದುಕೊಂಡೆ. ಓದುತ್ತಾ ಹೋದಂತೆ — ಇವಳ ಮುಂದೆ ನಾನೆಲ್ಲಿ ಅನ್ನಿಸಿಬಿಟ್ಟಿತು. ಕೂಡ್ಲಿಗಿ ಬಸ್ಸಿನಲ್ಲಿ ಬಿಟ್ಟೆ ಅಂದೆ. ಕಣ್ಣೀರೂ ಹಾಕಿದೆ.

“ಬಿಡೇ, ಅಳಬ್ಯಾಡ. ಹೋದ್ರ ಹೋತು, ತಲ್ಯಾಗ ಒಂದಿಷ್ಟು ಅದಾವ,” ಅಂತ ನನ್ನ ಕಣ್ಣು ಒರೆಸಿದಳು.

ನನಗೆ ಕೆಲಸ ಸಿಕ್ಕಿತು. ಅವಳಿಗೆ ಸ್ವಲ್ಪದರಲ್ಲಿ ತಪ್ಪಿತು. ನೋಟ್‌ಬುಕ್ ಇದ್ದಿದ್ದರೆ ಸಿಗುತ್ತಿತ್ತೋ ಏನೋ — ಇಲ್ಲ, ಈ ‘ಏನೋ’ ಹಿಂದೆ ಅಡಗಿಯೇ ಇಷ್ಟು ವರ್ಷ ಕಳೆದೆ. ಅವಳು ಅಂಗಡಿಯಲ್ಲೇ ಉಳಿದಳು.

ಹೋದ ವಾರ ಹೋಳಿಗೆ ಮಾವನ ವಿಡಿಯೋ ಹಾಕಿದೆ. ಕೆಳಗೆ ಶೈಲಾಳ ಕಾಮೆಂಟ್: “ನಮ್ಮ ಮಾವನೂ ಥೇಟ್ ಹಿಂಗ ಇದ್ದ ನೋಡೇ! ಮಗಳಿಗೆ ತೋರಿಸಿ ಭಾಳ ನಕ್ವಿ. ಅಕಿನೂ ಟೀಚರ್ ಪರೀಕ್ಷಿಗೆ ಕಟ್ಯಾಳ. ಆ ನೋಟ್‌ಬುಕ್ ಇದ್ದಿದ್ರ ಅಕಿಗೆ ಆಗ್ತಿತ್ತು.”

ಗೊತ್ತಿದ್ದು ಬರೆದಳೋ, ಗೊತ್ತಿಲ್ಲದೆಯೋ?

ಮರುದಿನ ನೋಟ್‌ಬುಕ್ಕನ್ನು ಚೀಲದಲ್ಲಿಟ್ಟುಕೊಂಡು ಅಂಗಡಿಗೆ ಹೋದೆ. “ಬಾರೇ ಟೀಚರಮ್ಮ! ದಿನಾ ನಮಗ ಪಾಠ ಹೇಳ್ತಿ, ಇವತ್ತರ ಸುಮ್ಕ ಕುಂತು ತಿನ್ನು,” ಅಂತ ಬಿಸಿ ಮಿರ್ಚಿ ಕೊಟ್ಟಳು. ತಿಂದೆ. ಚೀಲ ಬಿಚ್ಚಲಿಲ್ಲ. ಎದ್ದು ಬಂದೆ.

ಶೈಲಾ, ಆ ಮಾವ ನಿನ್ನವರೇ. ನೋಟ್‌ಬುಕ್ ಇನ್ನೂ ಚೀಲದಲ್ಲಿದೆ, ನಿನ್ನ ಎಣ್ಣೆ ಕೈಯ ಗುರುತಿನ ಸಮೇತ. ನಾಳೆ ನಿನ್ನ ಮಗಳ ಕೈಗೆ ಕೊಡುತ್ತೇನೆ. ನಿನಗೆ ತಪ್ಪಿದ ಆ ಕೆಲಸವನ್ನು ನಿನಗೆ ಹೇಗೆ ಕೊಡಲಿ — ತಿಳಿಯುತ್ತಿಲ್ಲ. ಇದೆಲ್ಲ ತಿಳಿದ ಮೇಲೆ ನಾಳೆ ನೀನು “ಬಾರೇ” ಅನ್ನದಿದ್ದರೆ, ಹೊರಗೇ ನಿಂತು ಕೊಟ್ಟು ಬರುತ್ತೇನೆ.