ಗಿಡ್ಡ ಯೇಸು, ಉದ್ದ ಯೇಸು

ನಮ್ಮ ಭಾವ ನಲ್ಲಿ ರಿಪೇರಿ ಮಾಡುವವರು. ಊರಿನಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಅವರೇ ಬೇಕು. ಆದರೆ ಊರಿನ ಮಕ್ಕಳು ಅವರನ್ನು ಕರೆಯುತ್ತಿದ್ದದ್ದು ‘ಗಿಡ್ಡ ಯೇಸು’ ಅಂತ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳಿ. ಈ ಕಥೆ ಹೇಳುವ ಹಕ್ಕು ನನಗೆ ಇದ್ದೇ ಇದೆ. ಭಾವನ ನಿಲುವಂಗಿ ಹೊಲಿದವಳು ನಾನು.

ಭಾವ ಅಂದರೆ ನನ್ನ ಅಕ್ಕನ ಗಂಡ. ಎತ್ತರದಲ್ಲಿ ದೇವರು ಸ್ವಲ್ಪ ಕೈ ಬಿಗಿ ಹಿಡಿದ, ಹೊಟ್ಟೆಯಲ್ಲಿ ಅದನ್ನೆಲ್ಲ ಸರಿದೂಗಿಸಿದ. ಸೊಂಟದಲ್ಲಿ ಯಾವಾಗಲೂ ಒಂದು ಸ್ಪ್ಯಾನರ್. ಅದಿಲ್ಲದಿದ್ದರೆ ಅವರಿಗೆ ನೆಟ್ಟಗೆ ನಿಲ್ಲಲು ಬರುವುದಿಲ್ಲ. ಮದುವೆಯ ದಿನವೂ ಕೋಟಿನೊಳಗೆ ಇಟ್ಟುಕೊಂಡಿದ್ದರು, ಉಂಗುರ ತೆಗೆಯಲು ಹೋಗಿ ಅದನ್ನೇ ತೆಗೆದರು. ಇನ್ನು ನಿದ್ದೆ. ತಲೆ ಎಲ್ಲಿ ಒರಗಿತೋ ಅಲ್ಲೇ ಗೊರಕೆ. ಒಮ್ಮೆ ಯಾರದೋ ಅಡುಗೆಮನೆಯ ಸಿಂಕಿನ ಕೆಳಗೆ ಕೆಲಸ ಮಾಡುತ್ತ ಮಾಡುತ್ತ ನಿದ್ದೆ ಹೋದರು. ಪೈಪಿನೊಳಗೆ ಏನೋ ಪ್ರಾಣಿ ಸೇರಿಕೊಂಡಿದೆ ಅಂತ ಮನೆಯಾಕೆ ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದಿದ್ದಳು. ಅಳುವುದೂ ಅವರಿಗೆ ಅಷ್ಟೇ ಸಲೀಸು. ಬೀದಿಯಲ್ಲಿ ಗುರುತಿಲ್ಲದ ಮಗು ಬಿದ್ದರೂ ಭಾವನ ಮೂಗು ಕೆಂಪಾಗುತ್ತದೆ.

ಜನರ ಜೊತೆ ಮಾತು ಕಡಿಮೆ. ನಾಲ್ಕು ಜನ ಸೇರಿದ ಕಡೆ ಬಾಯಿ ಬಿಡಲು ಹೆದರುವ ಮನುಷ್ಯ. ಆದರೆ ನಲ್ಲಿಗಳ ಜೊತೆ ಚೆನ್ನಾಗಿ ಮಾತಾಡುತ್ತಾರೆ. ಸೋರುವ ಪೈಪನ್ನು ಮಗುವಿನ ಬೆನ್ನು ತಟ್ಟುವ ಹಾಗೆ ತಟ್ಟಿ, “ಸಾಕು, ಸುಮ್ನಿರು ನನ್ನಪ್ಪ” ಅನ್ನುತ್ತಾರೆ. ಸ್ಪ್ಯಾನರ್ ಒಂದು ಸುತ್ತು ತಿರುಗುತ್ತದೆ, ಪೈಪು ಸುಮ್ಮನಾಗುತ್ತದೆ.

ನಮ್ಮ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಯೇಸುವಿನ ಜೀವನದ ನಾಟಕ ಆಡುತ್ತಾರೆ. ಆಡಿಸುವವರು ಡ್ರಾಯಿಂಗ್ ಮೇಷ್ಟ್ರು. ಕೆಲಸದಿಂದ ನಿವೃತ್ತಿಯಾಗಿದೆ, ಗತ್ತು ಮಾತ್ರ ಆಗಿಲ್ಲ. ಯೇಸು ಪೂರ್ತಿ ದೇವರು, ಪೂರ್ತಿ ಮನುಷ್ಯ, ಅವರಲ್ಲಿ ಎರಡು ಸ್ವಭಾವಗಳಿವೆ ಅಂತ ಅವರು ಎಲ್ಲೋ ಓದಿಕೊಂಡರು. ಓದಿದ್ದು ಸರಿಯೇ. ಆಮೇಲೆ ಯೋಚನೆ ಮಾಡಲು ಹೋದರು ನೋಡಿ, ಅಲ್ಲಿ ಕೆಟ್ಟಿತು.

“ಎರಡು ಸ್ವಭಾವ ಅಂದ್ಮೇಲೆ ಇಬ್ರು ಬೇಕೇ ಬೇಕಲ್ವಾ?” ಅಂದರು.

ಸರಿ, ದೇವರ ಕೆಲಸಕ್ಕೆ ಒಬ್ಬ, ಮನುಷ್ಯನ ಕೆಲಸಕ್ಕೆ ಒಬ್ಬ ಅಂತಾಯಿತು. ಪವಾಡಗಳಿಗೆ ಔಷಧಿ ಅಂಗಡಿಯವನು. ಆರಡಿ ಆಳು, ಗುಡುಗಿನಂಥ ಗಂಟಲು, ಹೇಗೂ ಕಾಯಿಲೆಯವರ ಜೊತೆ ಪಳಗಿದ ಕೈ. ಹಸಿವು, ದಣಿವು, ನಿದ್ದೆ, ಅಳು ಇವಕ್ಕೆಲ್ಲ ಭಾವ. ನಾನು ಒಂದೇ ಬಟ್ಟೆಯಲ್ಲಿ ಎರಡು ನಿಲುವಂಗಿ ಹೊಲಿದೆ, ಒಂದು ಉದ್ದ, ಒಂದು ಗಿಡ್ಡ. ವೇದಿಕೆಯ ಮಧ್ಯೆ ರಟ್ಟಿನ ಕಂಬ ನಿಲ್ಲಿಸಿದರು. ಭಾವ ದಣಿದು ಬಂದು ಬಾವಿಯ ಹತ್ತಿರ ಕೂತು, ಬೆವರು ಒರೆಸಿಕೊಂಡು, ಎದ್ದು ಕಂಬದ ಹಿಂದೆ ಹೋಗುವುದು. ಆ ಕಡೆಯಿಂದ ಔಷಧಿ ಅಂಗಡಿಯವನು ಬಂದು ಕುರುಡನ ಕಣ್ಣು ಮುಟ್ಟುವುದು. ಸಮುದ್ರದಲ್ಲಿ ಬಿರುಗಾಳಿ ಎದ್ದಾಗ ಭಾವ ದೋಣಿಯಲ್ಲಿ ನಿದ್ದೆ ಮಾಡುವುದು, ಔಷಧಿ ಅಂಗಡಿಯವನು ಬಂದು ಮಾತಿನಿಂದಲೇ ಅದನ್ನು ನಿಲ್ಲಿಸುವುದು. ಸತ್ತ ಗೆಳೆಯನ ಗೋರಿಯ ಮುಂದೆ ಭಾವ ಅಳಬೇಕು, ಔಷಧಿ ಅಂಗಡಿಯವನು ಬಂದು ಅವನನ್ನು ಎಬ್ಬಿಸಬೇಕು. ಗೆಳೆಯನ ಪಾತ್ರದ ಬೇಕರಿಯವನು ಒಂದು ವರ್ಷ ಎದ್ದು ಬಂದು, ಯಾರಿಗೆ ಕೈ ಮುಗಿಯುವುದು ಅಂತ ತಿಳಿಯದೆ ಕಂಬಕ್ಕೆ ಮುಗಿದ. ಹಳೆಯ ಪಾದ್ರಿಗಳು ಮುಂದಿನ ಸಾಲಿನಲ್ಲೇ ಕೂರುತ್ತಿದ್ದರು, ಆದರೆ ಪರದೆ ಏಳುವ ಮೊದಲೇ ಅವರ ಕಣ್ಣು ಮುಚ್ಚಿರುತ್ತಿತ್ತು. ಹಾಗಾಗಿ ವರ್ಷಗಟ್ಟಲೆ ಇದು ಹೀಗೇ ನಡೆಯಿತು.

ಭಾವನಿಗೆ ಒಂದೇ ಒಂದು ಕೊರಗು. ಅಕ್ಕ ಒಮ್ಮೆಯೂ ನಾಟಕಕ್ಕೆ ಬಂದಿರಲಿಲ್ಲ.

“ಬಂದು ಏನ್ರೀ ನೋಡ್ಲಿ?” ಅನ್ನುತ್ತಿದ್ದಳು ಅಕ್ಕ. “ತಿಂತೀರ, ಮಲಗ್ತೀರ, ಅಳ್ತೀರ. ಅದನ್ನ ಮನೇಲಿ ದಿನಾ ಬಿಟ್ಟಿಯಾಗಿ ನೋಡ್ತಾ ಇದೀನಿ. ಮನೇಲಿ ಮಾಡ್ದೆ ಇರೋದು ಏನಾದ್ರೂ ಮಾಡಿ, ಬರ್ತೀನಿ.”

ಭಾವ ನಗುತ್ತಿದ್ದರು. ಆದರೆ ನಾಟಕ ಮುಗಿದ ಮೇಲೆ ಎಲ್ಲರ ಮನೆಯವರೂ ವೇದಿಕೆಯ ಹತ್ತಿರ ಬಂದು ನಿಲ್ಲುತ್ತಿದ್ದಾಗ, ಅವರು ಒಬ್ಬರೇ ಮೂಲೆಯಲ್ಲಿ ಅಂಗಿ ಮಡಚುತ್ತಿದ್ದದ್ದನ್ನು ನಾನು ನೋಡಿದ್ದೇನೆ. ನನಗೆ ಅಕ್ಕನ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಹೊಸ ಪಾದ್ರಿಗಳು ಬಂದರು. ಚಿಕ್ಕ ವಯಸ್ಸು, ನಿದ್ದೆ ಕಡಿಮೆ. ಬಂದವರೇ ಭಾನುವಾರದ ಮಕ್ಕಳ ತರಗತಿಗೆ ಹೋಗಿ, “ಯೇಸು ಬಗ್ಗೆ ಯಾರು ಹೇಳ್ತೀರ?” ಅಂದರು.

ಬೇಕರಿಯವನ ಮಗಳು ಎದ್ದು ನಿಂತಳು. “ಯೇಸು ಇಬ್ರು ಫಾದರ್. ಉದ್ದ ಯೇಸು ಕಾಯಿಲೆ ವಾಸಿ ಮಾಡ್ತಾರೆ. ಗಿಡ್ಡ ಯೇಸು ಊಟ ಮಾಡ್ತಾರೆ.”

“ಇಬ್ರೂ... ಜೊತೇಲಿ ಇರ್ತಾರಾ?”

“ಇಲ್ಲ ಫಾದರ್. ಒಬ್ರು ಕಂಬದ ಹಿಂದೆ ಹೋದ್ರೆ ಇನ್ನೊಬ್ರು ಬರ್ತಾರೆ.”

ಪಾದ್ರಿಗಳು ನೀರು ಕೇಳಿದರಂತೆ. ಅವತ್ತು ಸಂಜೆಯೇ ನಾಟಕದವರನ್ನೆಲ್ಲ ಚರ್ಚಿನ ಹಿಂದಿನ ಕೋಣೆಗೆ ಕರೆಸಿದರು. “ಇದನ್ನ ಮಕ್ಕಳ ತಲೆಗೆ ಯಾರು ತುಂಬಿದ್ದು?” ಅಂದದ್ದೇ ತಡ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಮೇಷ್ಟ್ರು, “ಸ್ವಭಾವ ಎರಡು ಅಂತ ಪುಸ್ತಕದಲ್ಲೇ ಇದೆ ಫಾದರ್!” ಅಂತ ಎದ್ದರು.

“ಸ್ವಭಾವ ಎರಡು ಮೇಷ್ಟ್ರೇ, ಆಳು ಒಬ್ಬರೇ! ಹಸಿದಿದ್ದೂ ಅವರೇ, ಸಾವಿರಾರು ಜನಕ್ಕೆ ಊಟ ಕೊಟ್ಟಿದ್ದೂ ಅವರೇ. ಅತ್ತಿದ್ದೂ ಅವರೇ, ಸತ್ತವನನ್ನ ಎಬ್ಬಿಸಿದ್ದೂ ಅವರೇ.”

“ಹಿಟ್ಟಿಗೆ ನೀರು ಹಾಕಿ ಕಲಸಿದ ಹಾಗಾ ಫಾದರ್?” ಅಂದ ಬೇಕರಿಯವನು.

“ಅಲ್ಲ. ಕಲಸಿದ್ರೆ ಹಿಟ್ಟೂ ಇಲ್ಲ, ನೀರೂ ಇಲ್ಲ, ಮೂರನೇದೇನೋ ಆಗುತ್ತೆ. ಇಲ್ಲಿ ಎರಡೂ ಪೂರ್ತಿ ಹಾಗೇ ಇವೆ.”

ನಾನು ಬಿಡುತ್ತೇನೆಯೇ? “ಹಾಗಾದ್ರೆ ಬಟ್ಟೆಗೆ ಒಳಗಡೆ ಲೈನಿಂಗ್ ಕೊಟ್ಟ ಹಾಗೆ” ಅಂದೆ.

“ಲೈನಿಂಗ್ ಬಿಚ್ಚಬಹುದಲ್ಲಮ್ಮ. ಇದನ್ನ ಬಿಚ್ಚೋಕೆ ಆಗಲ್ಲ.”

ಔಷಧಿ ಅಂಗಡಿಯವನು ಗಂಟಲು ಸರಿ ಮಾಡಿಕೊಂಡು, “ಕ್ಯಾಪ್ಸೂಲ್ ಇದ್ದ ಹಾಗೆ. ಹೊರಗೆ ಮನುಷ್ಯ, ಒಳಗೆ ದೇವರು” ಅಂದ. ಪಾದ್ರಿಗಳು ತಲೆ ಮೇಲೆ ಕೈ ಹೊತ್ತರು. “ಮನುಷ್ಯ ಅನ್ನೋದು ಬರೀ ಮೇಲಿನ ಡಬ್ಬಿ ಅಲ್ಲಪ್ಪಾ! ನಿಜವಾದ ಹಸಿವು, ನಿಜವಾದ ನಿದ್ದೆ. ಬೆರೆಸಲೂಬೇಡಿ, ಬೇರೆ ಮಾಡಲೂಬೇಡಿ.”

ಮೇಷ್ಟ್ರು ಕೊನೆಯ ಬಾಣ ಬಿಟ್ಟರು. “ಹಂಗಾದ್ರೆ ಫಾದರ್, ದೋಣೀಲಿ ಯೇಸು ಮಲಗಿದ್ದಾಗ ಲೋಕಾನ ಯಾರು ನೋಡ್ಕೋತಿದ್ರು?”

“ಮಲಗಿದ್ರಲ್ಲ, ಅವರೇ.”

ಅಷ್ಟರಲ್ಲಿ ಮೂಲೆಯಿಂದ ಗೊರಕೆ ಕೇಳಿಸಿತು. ಭಾವ ಗೋಡೆಗೆ ಒರಗಿ ಹಾಯಾಗಿ ನಿದ್ದೆ ಮಾಡುತ್ತಿದ್ದರು. ಪಾದ್ರಿಗಳು ತುಂಬ ಹೊತ್ತು ಅವರನ್ನೇ ನೋಡಿದರು.

ಇನ್ನು ಮುಂದೆ ಒಬ್ಬರೇ ಯೇಸು ಅಂತ ತೀರ್ಮಾನವಾಯಿತು. ಯಾರು? ಮೇಷ್ಟ್ರು ಔಷಧಿ ಅಂಗಡಿಯವನ ಕಡೆ. ಆದರೆ ಅವನನ್ನು ದೋಣಿಯಲ್ಲಿ ಮಲಗಿಸಿ ನೋಡಿದರೆ ಒಂದು ಕಣ್ಣು ಬಿಟ್ಟುಕೊಂಡು ಅಂಟಿಸಿದ ಗಡ್ಡ ಸರಿ ಮಾಡಿಕೊಳ್ಳುತ್ತಾನೆ. ಅಳು ಅಂದರೆ ಅವನಿಗೆ ನಗು ಬರುತ್ತದೆ. ಕೊನೆಗೆ ಅವನೇ ಕೈ ಮುಗಿದ. “ನಂಗೆ ಅಳೋಕೆ ಬರಲ್ಲ ಫಾದರ್. ಅಂಗಡೀಲಿ ದಿನಾ ನೋವಿನ ಮುಖಗಳನ್ನೇ ನೋಡಿ ನೋಡಿ ಒಣಗಿ ಹೋಗಿದೀನಿ. ಅವರೇ ಮಾಡ್ಲಿ, ಬಿಡಿ.” ಒಳ್ಳೆಯ ಮನುಷ್ಯ ಅಂತ ನನಗೆ ಅವತ್ತು ಗೊತ್ತಾಯಿತು.

ಹೀಗೆ ಭಾವ ಪೂರ್ತಿ ಯೇಸು ಆದರು. ಮನೆಗೆ ಓಡಿ ಬಂದು ಅಕ್ಕನಿಗೆ ಹೇಳಿದರು, “ಈ ಸಲ ಬಿರುಗಾಳಿ ನಿಲ್ಲಿಸೋದೂ ನಾನೇ ಕಣೇ! ಮಾತೂ ನಂದೇ!”

ಅಕ್ಕ ಪಾತ್ರೆ ಒರೆಸುತ್ತಿದ್ದ ಕೈ ನಿಲ್ಲಿಸಿದಳು. “ನೀವು? ಅಷ್ಟು ಜನರ ಮುಂದೆ? ಸರಿ, ಆ ಮಾತು ಆಡ್ತೀರಿ ಅಂದ್ರೆ ಬರ್ತೀನಿ.”

ಆ ಮಾತು ಬರೆದವರು ಮೇಷ್ಟ್ರು. ಅಲ್ಲೇ ಇದ್ದದ್ದು ಎಡವಟ್ಟು. “ಎಲೈ ಉನ್ಮತ್ತ ಜಲಧಿಯೇ, ನಿನ್ನ ಉತ್ತುಂಗ ತರಂಗಗಳ ಅಟ್ಟಹಾಸವನ್ನು ಈ ಕ್ಷಣವೇ ಅಡಗಿಸು!” ಸಮುದ್ರಕ್ಕೆ ಅರ್ಥವಾಗುತ್ತಿತ್ತೋ ಇಲ್ಲವೋ, ನನಗಂತೂ ಆಗಲಿಲ್ಲ. ಭಾವ ಸಿಂಕಿನ ಕೆಳಗೆ, ಸೈಕಲ್ ಮೇಲೆ, ಸ್ನಾನದ ಕೋಣೆಯಲ್ಲಿ ಅದನ್ನೇ ಉರು ಹೊಡೆದರು. ವೇದಿಕೆ ಹತ್ತಿದರೆ ‘ಎಲೈ’ ಅಂದಲ್ಲಿಗೇ ಮಾತು ಮುಗಿಯುತ್ತಿತ್ತು. ಮೇಷ್ಟ್ರಿಗೆ ಒಳಗೊಳಗೇ ಖುಷಿ. “ಮಾತನ್ನ ಔಷಧಿ ಅಂಗಡಿಯವನು ಪರದೆ ಹಿಂದಿಂದ ಹೇಳ್ಲಿ, ಇವ್ರು ಬರೀ ಬಾಯಿ ಆಡಿಸ್ಲಿ” ಅಂದರು.

“ಮತ್ತೆ ಇಬ್ಬರಾದ್ರಲ್ಲ!” ಅಂದರು ಪಾದ್ರಿಗಳು. “ಅವರೇ ಹೇಳಲಿ. ಆಗದಿದ್ರೆ ಆ ದೃಶ್ಯಾನೇ ಬೇಡ. ನಾಟಕದ ದಿನ ನೋಡೋಣ.”

ಭಾವನ ಮುಖ ಬಿಳಿಚಿಕೊಂಡಿತು. ದೃಶ್ಯ ಹೋದರೆ ಅಕ್ಕನೂ ಹೋದಳು ಅಂತಲೇ ಲೆಕ್ಕ. ನನ್ನ ಹತ್ತಿರ ಬಂದು ಗುಟ್ಟಾಗಿ, “ಅಂಗಿ ಒಳಗೆ ಒಂದು ಜೇಬು ಹೊಲಿದು ಕೊಡ್ತೀಯಾ? ಸ್ಪ್ಯಾನರ್ ಇದ್ರೆ ಧೈರ್ಯ ಇರುತ್ತೆ” ಅಂದರು.

“ಯೇಸುಗೆ ಯಾಕ್ರೀ ಭಾವ ಜೇಬು?” ಅಂತ ಗೊಣಗಿದೆ. ಗೊಣಗುತ್ತಲೇ ಹೊಲಿದೆ.

ಆ ವರ್ಷ ಮೇಷ್ಟ್ರಿಗೆ ನಿಜವಾದ ಮಳೆಯೇ ಬೇಕು ಅನ್ನಿಸಿತ್ತು. ದೋಣಿಯ ಮೇಲೆ ತೂತು ಕೊರೆದ ಪೈಪು ಕಟ್ಟಿ, ನೀರಿನ ವಾಲ್ವನ್ನು ದೋಣಿಯ ಒಳಗೇ, ಮಲಗುವ ಜಾಗದ ಪಕ್ಕದಲ್ಲಿ ಕೂರಿಸಿದವರು ಭಾವನೇ. ತಿರುಗಿಸುವ ಕೆಲಸ, ಈ ದೃಶ್ಯದಲ್ಲಿ ಶಿಷ್ಯನೂ ಆಗುವ ಬೇಕರಿಯವನದು. ಭಾವ ಸಣ್ಣ ತೂತು ಕೊರೆದಿದ್ದರು. ಮಳೆ ಸಾಲದು ಅಂತ ಮೇಷ್ಟ್ರು ಯಾರಿಗೂ ಹೇಳದೆ ಮೊಳೆ ಹೊಡೆದು ಅವನ್ನೆಲ್ಲ ದೊಡ್ಡದು ಮಾಡಿದರು. ಇಲ್ಲದ ಉಸಾಬರಿ ಅಂದರೆ ಇದೇ.

ನಾಟಕದ ಸಂಜೆ ಬಂತು. ಅಕ್ಕ ಒಳ್ಳೆಯ ಸೀರೆ ಉಟ್ಟು ಎರಡನೇ ಸಾಲಿನಲ್ಲಿ ಕೂತಿದ್ದಳು. ಪರದೆಯ ಸಂದಿನಿಂದ ಅವಳನ್ನು ನೋಡಿದ ಭಾವ ಅಂಗಿಯೊಳಗಿನ ಸ್ಪ್ಯಾನರನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡರು. ಹೇಗೋ ಊಟ ಹಂಚಿದರು, ಅತ್ತರು, ಗೆಳೆಯನನ್ನು ಎಬ್ಬಿಸಿದರು. ಅಲ್ಲಿ ಕೈ ಬೀಸಿದರೆ ಸಾಕಿತ್ತು. ಆಮೇಲೆ ದೋಣಿ. ಭಾವ ತಲೆದಿಂಬಿಗೆ ತಲೆ ಕೊಟ್ಟರು. ತಗಡು ಬಡಿದು ಗುಡುಗು ತರಿಸುವ ಕೆಲಸ ನನ್ನದು. ಬಡಿದೆ. ಬೇಕರಿಯವನು ವಾಲ್ವ್ ತಿರುಗಿಸಿದ.

ಮಳೆಯಲ್ಲ, ಆಕಾಶವೇ ಕಳಚಿ ಬಿತ್ತು. ಶಿಷ್ಯರ ಗಡ್ಡಗಳು ಒಂದೊಂದಾಗಿ ಉದುರಿದವು. ಬೇಕರಿಯವನು ಗಾಬರಿಯಿಂದ ವಾಲ್ವನ್ನು ಹಿಂದಕ್ಕೆ ತಿರುಗಿಸಲು ಹೋದ. ಹಿಡಿಯೇ ಕಿತ್ತು ಕೈಗೆ ಬಂತು! ನೀರು ವೇದಿಕೆ ದಾಟಿ ಮುಂದಿನ ಸಾಲಿಗೆ ಹರಿಯಿತು. ಪಾದ್ರಿಗಳು ಕಾಲು ಮೇಲೆತ್ತಿದರು. ಮೇಷ್ಟ್ರು ಪಕ್ಕದಿಂದ “ಎಲೈ! ಎಲೈ!” ಅಂತ ಸನ್ನೆ ಮಾಡುತ್ತಿದ್ದರು.

ಮತ್ತೆ ಭಾವ? ಮಲಗಿದ್ದರು. ನಟನೆಯಲ್ಲ. ದಿನವೆಲ್ಲ ಹೆದರಿ ಹೆದರಿ ಸುಸ್ತಾಗಿದ್ದ ಜೀವಕ್ಕೆ ದಿಂಬು ಸಿಕ್ಕಿತ್ತು. ಆ ನೀರಿನಲ್ಲಿ, ಆ ಗದ್ದಲದಲ್ಲಿ, ಗೊರಕೆ!

“ಏಳ್ರೀ! ಮುಳುಗಿ ಹೋಗ್ತೀವಿ, ನಿಮಗೇನೂ ಅನ್ಸಲ್ವಾ?” ಅಂತ ಬೇಕರಿಯವನು ಅವರ ಭುಜ ಹಿಡಿದು ಅಲ್ಲಾಡಿಸಿದ. ಮೇಷ್ಟ್ರು ಅವನಿಗೆ ಬರೆದುಕೊಟ್ಟಿದ್ದ ಮಾತೂ ಹೆಚ್ಚುಕಡಿಮೆ ಅದೇ. ಆದರೆ ಇಷ್ಟು ಮನಸ್ಸಿಟ್ಟು ಅವನು ಅದನ್ನು ಯಾವತ್ತೂ ಆಡಿರಲಿಲ್ಲ.

ಭಾವ ಎದ್ದು ಕೂತರು. ಅರ್ಧ ಕಣ್ಣು ತೆರೆದರು. ವೇದಿಕೆಯೋ, ಮನೆಯೋ, ಯಾರದೋ ಅಡುಗೆಮನೆಯೋ, ಅವರಿಗೆ ಗೊತ್ತಿರಲಿಲ್ಲ. ಕಿವಿಗೆ ನೀರಿನ ಸದ್ದು ಬಿತ್ತು. ಅಂಗಿಯೊಳಗೆ ಕೈ ಹೋಯಿತು, ಸ್ಪ್ಯಾನರ್ ವಾಲ್ವಿನ ಮೇಲೆ ಕೂತಿತು. ಎಡಗೈಯಿಂದ ಪೈಪನ್ನು ಮೆಲ್ಲಗೆ ತಟ್ಟಿದರು.

“ಸಾಕು, ಸುಮ್ನಿರು ನನ್ನಪ್ಪ.”

ನೀರು ನಿಂತಿತು.

ತಗಡು ಬಡಿಯುವುದನ್ನು ನಾನು ಯಾವಾಗ ನಿಲ್ಲಿಸಿದ್ದೆನೋ ಗೊತ್ತಿಲ್ಲ. ಆಗ ಬೇಕರಿಯವನ ಮಗಳು ಬೆಂಚಿನ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು, “ಅಯ್ಯೋ, ಮಲಗಿದ್ದವರೇ ಎದ್ರು! ಒಬ್ರೇ!”

ಪಾದ್ರಿಗಳು ಎತ್ತಿದ ಕಾಲನ್ನು ಮರೆತು ನೀರಿನೊಳಗೇ ಇಳಿಸಿ ಚಪ್ಪಾಳೆ ತಟ್ಟಿದರು. ಭಾವನಿಗೆ ಈಗ ಪೂರ್ತಿ ಎಚ್ಚರವಾಯಿತು. ಸುತ್ತ ನೋಡಿದರು, ಕೈಯಲ್ಲಿದ್ದ ಸ್ಪ್ಯಾನರ್ ನೋಡಿದರು, ಎರಡನೇ ಸಾಲು ನೋಡಿದರು. “ಮಾತು ಮರ್ತೋಯ್ತು ಕಣೇ” ಅಂದರು ಅಲ್ಲಿಂದಲೇ, ಅಳುವ ದನಿಯಲ್ಲಿ.

ಅಕ್ಕ ಎದ್ದಳು. ಸೀರೆ ಎತ್ತಿ ಹಿಡಿದು ನೀರಿನಲ್ಲಿ ನಡೆದು ವೇದಿಕೆ ಹತ್ತಿ, ನೇರ ದೋಣಿಯ ಹತ್ತಿರ ಹೋಗಿ, ಸೆರಗಿನಿಂದ ಭಾವನ ತಲೆ ಒರೆಸತೊಡಗಿದಳು. “ಇದೂ ಮನೇಲಿ ಮಾಡೋದೇ ಅಲ್ವೇನ್ರೀ” ಅಂದಳು. ಅವಳ ಕಣ್ಣು ತುಂಬಿತ್ತು. “ನಾನೇ ಸರಿಯಾಗಿ ನೋಡಿರ್ಲಿಲ್ಲ.”

ಮೇಷ್ಟ್ರು ಪರದೆಯ ಪಕ್ಕದಿಂದ ಹಾರಿ ಬಂದರು. “ಏನಮ್ಮಾ ಇದು! ಈ ದೃಶ್ಯದಲ್ಲಿ ಹೆಂಗಸರೇ ಇಲ್ಲ! ಇಳೀರಿ, ಇಳೀರಿ, ನನ್ನ ಮಾತಿನ್ನೂ ಬಾಕಿ ಇದೆ, ಉನ್ಮತ್ತ ಜಲಧಿ...”

ಅಕ್ಕ ತಿರುಗಿಯೂ ನೋಡಲಿಲ್ಲ. “ಸಾಕು, ಸುಮ್ನಿರಿ ಮೇಷ್ಟ್ರೇ” ಅಂದಳು.

ಮೇಷ್ಟ್ರೂ ಸುಮ್ಮನಾದರು.